49 ವರ್ಷ ಆದ್ಮೇಲೆ ಖಾಲಿಯಾದ ಅಲಾಸ್ಕಾದ ಒಂದೇ ಸೀಟು

2022ರ ಮಾರ್ಚ್ 18ಕ್ಕೆ ಅಲಾಸ್ಕಾದ ಎಂಪಿ ಡಾನ್ ಯಂಗ್ ತೀರಿಕೊಂಡ್ರು. 88 ವರ್ಷ ವಯಸ್ಸು, ಊರಿಗೆ ವಾಪಸ್ ಹೋಗ್ತಾ ಇದ್ದ ವಿಮಾನದಲ್ಲೇ ಜೀವ ಹೋಯ್ತು. 1973ರಿಂದ ಅಲಾಸ್ಕಾದ ಜನ ಕಂಡಿದ್ದು ಅವರೊಬ್ಬರನ್ನೇ, ಯಾಕಂದ್ರೆ ಅಮೆರಿಕದ ಕೆಳಮನೇಲಿ ಆ ರಾಜ್ಯಕ್ಕೆ ಇರೋದೇ ಒಂದು ಸೀಟು. ವಿಸ್ತೀರ್ಣ ನೋಡಿದ್ರೆ ನಮ್ಮ ಕರ್ನಾಟಕದ ಸುಮಾರು ಒಂಬತ್ತು ಪಟ್ಟು, ಜನ ನೋಡಿದ್ರೆ 2020ರ ಜನಗಣತೀಲಿ 7.33 ಲಕ್ಷ. ಇಷ್ಟು ದೊಡ್ಡ ನೆಲಕ್ಕೆ ಒಬ್ಬ ಎಂಪಿ, ಅದೂ ಅರ್ಧ ಶತಮಾನ ಒಬ್ಬರೇ, ಆ ಕುರ್ಚಿ ಒಂದೇ ದಿನದಲ್ಲಿ ಖಾಲಿ ಅಂದ್ರೆ ಏನಾಗಬಹುದು ಯೋಚನೆ ಮಾಡಿ. 48 ಜನ ಕಣಕ್ಕಿಳಿದ್ರು! ರಿಪಬ್ಲಿಕನ್ ಪಕ್ಷದ ಮಾಜಿ ಗವರ್ನರ್ ಸಾರಾ ಪೇಲಿನ್ ಇದ್ರು, ನಾರ್ತ್ ಪೋಲ್ ಅನ್ನೋ ಊರಿನ ಸಿಟಿ ಕೌನ್ಸಿಲ್ ಸದಸ್ಯರೊಬ್ಬರು ಇದ್ರು, ಕಾನೂನು ಪ್ರಕಾರವೇ ಅವರ ಹೆಸರು ಸಾಂಟಾ ಕ್ಲಾಸ್.

ನಾನು ಈ ಚುನಾವಣೆ ಹಿಂದೆ ಬಿದ್ದಿದ್ದು ಪೇಲಿನ್‌ಗೋಸ್ಕರ ಅಲ್ಲ, ಎಣಿಕೆಗೋಸ್ಕರ. ನಮ್ಮಲ್ಲಿ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರಕ್ಕೆ ಓಟು ಹಾಕಿದವರಿಗೆ ಗೊತ್ತಿರುತ್ತೆ, ಅಲ್ಲಿ ಬಟನ್ ಒತ್ತೋದಲ್ಲ, ಅವರೇ ಕೊಡೋ ನೇರಳೆ ಬಣ್ಣದ ಪೆನ್ನಲ್ಲಿ ಹೆಸರಿನ ಮುಂದೆ 1, 2, 3 ಅಂತ ಬರೀಬೇಕು, ಯಾರಿಗೂ ಅರ್ಧಕ್ಕಿಂತ ಜಾಸ್ತಿ ಬರದಿದ್ರೆ ಕೆಳಗಿನವರನ್ನ ತೆಗೆದು ಅವರ ಓಟುಗಳ ಮುಂದಿನ ಪ್ರಾಶಸ್ತ್ಯ ನೋಡ್ತಾ ಹೋಗ್ತಾರೆ, ಎಣಿಕೆ ರಾತ್ರಿಯೆಲ್ಲಾ ನಡೆಯುತ್ತೆ. ಅಲಾಸ್ಕಾದವರು 2020ರಲ್ಲಿ ಜನಮತದ ಮೂಲಕ ಬಹಳ ಕಡಿಮೆ ಅಂತರದಲ್ಲಿ ಇಂಥದ್ದೇ ಪದ್ಧತಿ ಒಪ್ಪಿಕೊಂಡಿದ್ರು. ಪಕ್ಷಕ್ಕೊಂದು ಪ್ರೈಮರಿ (ಅಭ್ಯರ್ಥಿಗಳನ್ನ ಆರಿಸೋ ಮೊದಲ ಹಂತದ ಮತದಾನ) ಅಂತ ಇಲ್ಲ, ಎಲ್ಲರೂ ಒಂದೇ ಪಟ್ಟಿಯಲ್ಲಿ, ಮೊದಲ ನಾಲ್ಕು ಜನ ಮುಂದಕ್ಕೆ, ಆಮೇಲೆ ಪ್ರಾಶಸ್ತ್ಯದ ಮತ. ಅದರ ಮೊದಲ ಪರೀಕ್ಷೆ ಇದೇ ಖಾಲಿ ಸೀಟಲ್ಲಿ ಆಗಿದ್ದು.

ಹಳೇ ಕಥೆ ಒಂದು ಹೇಳ್ಬೇಕು, ಇಲ್ದಿದ್ರೆ ಆಮೇಲೆ ಗೆದ್ದವರ ತೂಕ ಗೊತ್ತಾಗಲ್ಲ. 1972ರ ಅಕ್ಟೋಬರ್‌ನಲ್ಲಿ ಆಗಿನ ಎಂಪಿ ನಿಕ್ ಬೆಗಿಚ್ ಆಂಕರೇಜ್‌ನಿಂದ ಜೂನೋಗೆ ಹೊರಟ ಸಣ್ಣ ವಿಮಾನ ಕಾಣೆಯಾಯ್ತು, ಇವತ್ತಿಗೂ ಸಿಕ್ಕಿಲ್ಲ. ನವೆಂಬರ್‌ನಲ್ಲಿ ಕಾಣೆಯಾದವರೇ ಗೆದ್ರು, ಎದುರು ಸೋತವರು ಡಾನ್ ಯಂಗ್. ಬೆಗಿಚ್ ತೀರಿಹೋದ್ರು ಅಂತ ಘೋಷಣೆ ಆದ್ಮೇಲೆ 1973ರ ಮಾರ್ಚ್‌ನಲ್ಲಿ ಉಪಚುನಾವಣೆ, ಅದರಲ್ಲಿ ಯಂಗ್ ಎದುರು ನಿಂತವರು ಎಮಿಲ್ ನಾಟ್ಟಿ, ಅಲ್ಲಿನ ಮೂಲನಿವಾಸಿಗಳ ದೊಡ್ಡ ನಾಯಕರು. ಎರಡು ಸಾವಿರಕ್ಕಿಂತ ಕಡಿಮೆ ಓಟಲ್ಲಿ ಸೋತ್ರು. ಅಲಾಸ್ಕಾದಲ್ಲಿ ಐದರಲ್ಲೊಬ್ಬರು ಮೂಲನಿವಾಸಿ ಮನೆತನದವರು, ಆದ್ರೂ ಅವರಲ್ಲಿ ಒಬ್ಬರೂ ಕಾಂಗ್ರೆಸ್ಸಿಗೆ, ಅಂದ್ರೆ ಅಮೆರಿಕದ ಸಂಸತ್ತಿಗೆ, ಹೋಗಿರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರಲ್ಲ, ಹಾಗೆ ಜಾರಿಹೋದ ಅವಕಾಶ ಮತ್ತೆ ಸಿಗೋಕೆ 49 ವರ್ಷ ಬೇಕಾಯ್ತು.

ಈ ಸಲ ಆ ಅವಕಾಶ ಸಿಕ್ಕಿದ್ದು ಮೇರಿ ಪೆಲ್ಟೋಲಾಗೆ. ಅಲಾಸ್ಕಾದ ಮೂಲನಿವಾಸಿಗಳಲ್ಲಿ ಯೂಪಿಕ್ ಅನ್ನೋ ಜನಾಂಗದವರು, ಕಸ್ಕೋಕ್ವಿಮ್ ನದಿ ದಡದ ಬೆಥೆಲ್ ಊರಿನವರು. ಆ ಊರಿಗೆ ಹೊರಗಿಂದ ರಸ್ತೆ ಇಲ್ಲ. ವಿಮಾನದಲ್ಲಿ ಹೋಗ್ಬೇಕು, ಇಲ್ಲಾ ನದೀಲಿ. ಚಳಿಗಾಲದಲ್ಲಿ ನದಿ ಗಟ್ಟಿಯಾಗಿ ಹೆಪ್ಪುಗಟ್ಟಿದ ಮೇಲೆ ಆ ಐಸ್ ಮೇಲೇ ಕಾರು ಟ್ರಕ್ ಓಡ್ತವೆ, ಅದೇ ಆಗ ರಸ್ತೆ. ಅಲ್ಲಿ ಬೇಸಿಗೇಲಿ ಸಾಲ್ಮನ್ ಮೀನು ಹಿಡಿದು, ಸೀಳಿ, ಮರದ ಗಳುಗಳ ಮೇಲೆ ಸಾಲಾಗಿ ನೇತುಹಾಕಿ ಒಣಗಿಸಿ, ಹೊಗೆ ಹಾಕಿ ಇಟ್ಕೊಂಡ್ರೆ ಅದೇ ವರ್ಷದ ಊಟ. ಅಂಗಡೀಲಿ ಸಿಗೋ ಸಾಮಾನೆಲ್ಲ ವಿಮಾನದಲ್ಲೋ ದೋಣೀಲೋ ಬರ್ಬೇಕು, ರೇಟು ಕೇಳೋ ಹಾಗಿಲ್ಲ. ಆ ಮೀನೇ ಕಡಿಮೆಯಾಗ್ತಾ ಬಂತು. ಕಿಂಗ್ ಸಾಲ್ಮನ್ ಮೊದಲೇ ಇಳಿದಿತ್ತು, 2021ರ ಹೊತ್ತಿಗೆ ಚಮ್ ಸಾಲ್ಮನ್ ಕೂಡ ಕುಸಿದುಹೋಯ್ತು, ನದೀಲಿ ಯಾವ ದಿನ, ಎಷ್ಟು ಗಂಟೆ ಬಲೆ ಹಾಕ್ಬಹುದು ಅಂತ ನಿಯಮ ಬಂತು. ಇತ್ತ ಅಜ್ಜಿ ಕಾಲದಿಂದ ಹಿಡಿದು ತಿಂದವರಿಗೆ ನಿರ್ಬಂಧ, ಅತ್ತ ಬೇರಿಂಗ್ ಸಮುದ್ರದಲ್ಲಿ ಪೊಲ್ಲಾಕ್ ಮೀನಿಗೆ ಹೋದ ದೊಡ್ಡ ಟ್ರಾಲರ್‌ಗಳ ಬಲೇಲಿ ಸಾಲ್ಮನ್ ಕೂಡ ಸಿಕ್ಕಿ ಸಾಯ್ತಾ ಇತ್ತು. ಓದಿದಾಗ ನಂಗೆ ನಿಜವಾಗ್ಲೂ ಹೊಟ್ಟೆ ಉರೀತು. ಪೆಲ್ಟೋಲಾ ಮೊದಲು ಹತ್ತು ವರ್ಷ ರಾಜ್ಯದ ಶಾಸಕಿಯಾಗಿದ್ರು, ಆಮೇಲೆ ಆ ನದಿಯ ಬುಡಕಟ್ಟುಗಳೆಲ್ಲ ಸೇರಿ ಮಾಡ್ಕೊಂಡ ಮೀನು ಆಯೋಗದ ನಿರ್ದೇಶಕಿ. ಪ್ರಚಾರದಲ್ಲೂ ಮಾತಾಡಿದ್ದು ಮೀನಿನ ಬಗ್ಗೆ. ಡೆಮಾಕ್ರಾಟ್ ಆಗಿ ನಿಂತಿದ್ರು, ಆದ್ರೆ ಪಕ್ಷದ ಹೆಸರು ಹಿಡ್ಕೊಂಡು ಯಾರನ್ನೂ ಬೈಯ್ಯಲಿಲ್ಲ.

ಜೂನ್ 11ರ ಪ್ರೈಮರಿ ಪೂರ್ತಿ ಅಂಚೇಲಿ ನಡೀತು, ಟೈಮ್ ಇರಲಿಲ್ಲ ಅಂತ. ಪೇಲಿನ್‌ಗೆ 27 ಪರ್ಸೆಂಟು, ಕಾಣೆಯಾದ ಆ ಬೆಗಿಚ್ ಅವರ ಮೊಮ್ಮಗ ನಿಕ್ ಬೆಗಿಚ್ (ತಾತ ಡೆಮಾಕ್ರಾಟ್, ಇವರು ರಿಪಬ್ಲಿಕನ್) ಎರಡನೇ ಸ್ಥಾನ, ಪಕ್ಷೇತರ ಆಲ್ ಗ್ರಾಸ್ ಮೂರನೇದು, ಪೆಲ್ಟೋಲಾಗೆ ಬರೀ ಹತ್ತು ಪರ್ಸೆಂಟು ಬಂದು ನಾಲ್ಕನೇ ಜಾಗ. ಸ್ವಲ್ಪ ದಿನಕ್ಕೇ ಗ್ರಾಸ್ ಹಿಂದೆ ಸರಿದ್ರು, ಐದನೆಯವರನ್ನ ಮೇಲಕ್ಕೆ ತರೋ ಹಾಗಿಲ್ಲ ಅಂತ ಕೋರ್ಟು ಹೇಳ್ತು, ಉಳಿದಿದ್ದು ಮೂರೇ ಜನ.

ಈ ಅಂಚೆ ಪ್ರೈಮರೀಲಿ ನಡೆದ ಒಂದು ವಿಷಯಕ್ಕೆ ಇನ್ನೂ ಸಮಾಧಾನ ಆಗಿಲ್ಲ ನಂಗೆ. ಓಟಿನ ಕವರ್ ಮೇಲೆ ಓಟುದಾರರ ಸಹಿ ಸಾಲದು, ಒಬ್ಬ ಸಾಕ್ಷಿ ಸಹಿನೂ ಬೇಕಿತ್ತು. ಅದಿಲ್ಲದೆ, ಇಲ್ಲಾ ಅಂಥದ್ದೇ ಬೇರೆ ತಪ್ಪಿಗೆ ರಾಜ್ಯದಲ್ಲಿ 7 ಸಾವಿರಕ್ಕೂ ಹೆಚ್ಚು ಓಟು ತಿರಸ್ಕಾರ ಆದ್ವು, ನೂರಕ್ಕೆ ನಾಲ್ಕೂವರೆ. ಬೆಥೆಲ್ ಸುತ್ತಲಿನ ಕ್ಷೇತ್ರದಲ್ಲಿ ಅದು ನೂರಕ್ಕೆ 16 ದಾಟ್ತು! ಇಷ್ಟು ವರ್ಷ ಮತಗಟ್ಟೆಗೆ ನಡೆದು ಹೋಗಿ ಓಟು ಹಾಕಿದವರು, ಯೂಪಿಕ್ ಮಾತಾಡೋ ಹಿರಿಯರು, ಅವರ ಕೈಗೆ ಇಂಗ್ಲಿಷ್ ಕವರ್ ಕೊಟ್ಟು ಒಂದು ಸಹಿ ಮರೆತ್ರೆ ಓಟೇ ಕಸ. ತಪ್ಪಾಗಿದೆ, ಬಂದು ಸರಿಮಾಡಿ ಅಂತ ಕರೆಯೋ ವ್ಯವಸ್ಥೆನೂ ಕಾನೂನಲ್ಲಿ ಇರಲಿಲ್ಲ. ಪ್ರಾಶಸ್ತ್ಯ ಮತ ಹಳ್ಳಿಯವರಿಗೆ ಅರ್ಥ ಆಗಲ್ಲ ಅಂತ ಟಿವೀಲಿ ಗಂಟೆಗಟ್ಟಲೆ ಚರ್ಚೆ ಮಾಡಿದವರು ಈ ಸಾಕ್ಷಿ ಸಹಿ ಬಗ್ಗೆ ಅದರ ಕಾಲುಭಾಗ ಆದ್ರೂ ಮಾತಾಡ್ಬೇಕಿತ್ತು.

ಆಗಸ್ಟ್ 16ಕ್ಕೆ ಮುಖ್ಯ ಮತದಾನ. ಎಣಿಕೆ ಮುಗಿದಿದ್ದು 31ಕ್ಕೆ, ದೂರದ ಹಳ್ಳಿಗಳ ಓಟು ಬರೋವರೆಗೂ ಕಾಯ್ಬೇಕಲ್ಲ. ಅವತ್ತು ಪೆಲ್ಟೋಲಾ ಹುಟ್ಟಿದಹಬ್ಬನೂ ಹೌದು. ಮೂವರೂ ಎಣಿಕೇಲಿ ಇದ್ದಾಗ ಪೆಲ್ಟೋಲಾ 75,799, ಪೇಲಿನ್ 58,973, ಬೆಗಿಚ್ 53,810. ಬೆಗಿಚ್ ಹೊರಗೆ. ಅವರಿಗೆ ಓಟು ಹಾಕಿದವರೆಲ್ಲ ರಿಪಬ್ಲಿಕನ್ ಅಲ್ವಾ, ಪೇಲಿನ್‌ಗೆ ಹೋಗುತ್ತೆ ಅಂತ ಎಲ್ಲರ ಲೆಕ್ಕ. ಹೋಗಿದ್ದು ಅರ್ಧ ಮಾತ್ರ, 27,053. ಪೆಲ್ಟೋಲಾಗೆ 15,467 ಬಂತು, ಇನ್ನೊಂದು 11 ಸಾವಿರದ ಮೇಲೆ ಜನ ಎರಡನೇ ಹೆಸರನ್ನೇ ಬರೆದಿರಲಿಲ್ಲ ಇಲ್ಲಾ ಎಣಿಸೋಕೆ ಆಗೋ ಹಾಗೆ ಬರೆದಿರಲಿಲ್ಲ. ಗೆಲುವಿನ ಅಂತರ 5,240. ಟ್ರಂಪ್ ಜುಲೈನಲ್ಲಿ ಆಂಕರೇಜ್‌ಗೆ ಬಂದು ಪೇಲಿನ್ ಪರ ರ‍್ಯಾಲಿ ಮಾಡಿದ್ರೂ, ಆ ಇಬ್ಬರು ರಿಪಬ್ಲಿಕನ್ನರು ತಿಂಗಳುಗಟ್ಟಲೆ ಒಬ್ಬರ ಮೇಲೊಬ್ಬರು ಕೆಸರು ಎರಚಿಕೊಂಡಿದ್ದು ಕೊನೇಲಿ ಹೀಗೆ ತಟ್ಟಿತು. ಪೆಲ್ಟೋಲಾ ಪೇಲಿನ್ ಮೇಲೆ ಒಂದು ಕೆಟ್ಟ ಮಾತು ಆಡಲಿಲ್ಲ. ಪೇಲಿನ್ ಗವರ್ನರ್ ಆಗಿದ್ದಾಗ ಇಬ್ಬರೂ ಒಂದೇ ಸಮಯದಲ್ಲಿ ಬಸುರಿಯರಂತೆ, ಗವರ್ನರ್ ಮನೆ ಬಿಡುವಾಗ ಮಕ್ಕಳು ಕುಣಿಯೋ ಟ್ರ್ಯಾಂಪೊಲೀನ್‌ನ ಪೇಲಿನ್ ಇವರ ಮನೆಗೇ ಕೊಟ್ಟಿದ್ರಂತೆ, ಆ ಸ್ನೇಹನ ಪ್ರಚಾರದಲ್ಲೂ ಬಿಟ್ಟುಕೊಡಲಿಲ್ಲ.

ಇದರಲ್ಲಿ ಒಂದು ಗಟ್ಟಿ ತಕರಾರಿದೆ, ಅದನ್ನ ಮುಚ್ಚಿಡೋದು ಸರಿಯಲ್ಲ. ಓಟಿನ ದಾಖಲೆ ಬಹಿರಂಗ ಆದ್ಮೇಲೆ ಲೆಕ್ಕ ಬಲ್ಲವರು ಕೂತು ನೋಡಿದ್ರು: ಬೆಗಿಚ್ ಮತ್ತೆ ಪೆಲ್ಟೋಲಾ ಇಬ್ಬರೇ ಇದ್ದಿದ್ರೆ ಬೆಗಿಚ್ ಗೆಲ್ತಿದ್ರು, ಬೆಗಿಚ್ ಮತ್ತೆ ಪೇಲಿನ್ ಇದ್ದಿದ್ರೂ ಬೆಗಿಚ್ಚೇ. ಆದ್ರೆ ಮೊದಲ ಪ್ರಾಶಸ್ತ್ಯ ಕಡಿಮೆ ಇದ್ದಿದ್ದಕ್ಕೆ ಅವರು ಮೊದಲೇ ಹೊರಗೆ ಹೋದ್ರು, ಪೇಲಿನ್ ಕೊನೇವರೆಗೂ ಉಳಿದಿದ್ರಿಂದ ಪೇಲಿನ್ ಬೆಂಬಲಿಗರ ಎರಡನೇ ಪ್ರಾಶಸ್ತ್ಯ ಯಾರೂ ತೆರೆದು ನೋಡಲೇ ಇಲ್ಲ. ಇದು ಈ ಪದ್ಧತಿಯ ನಿಜವಾದ ದೋಷ. ಆದ್ರೂ ನನ್ನ ಅಭಿಪ್ರಾಯ ಏನಂದ್ರೆ, ಹಳೇ ಥರ ಪಕ್ಷದ ಪ್ರೈಮರಿ ಇದ್ದಿದ್ರೂ ಬೆಗಿಚ್‌ಗೆ ದಾರಿ ಕಷ್ಟವೇ ಇತ್ತು, ಯಾಕಂದ್ರೆ ರಿಪಬ್ಲಿಕನ್ನರ ಒಳಗೇ ಪೇಲಿನ್ ಮುಂದಿದ್ರು. ಖಾಲಿ ಸೀಟಲ್ಲಿ ಯಾರ ಹೆಸರೂ ಬೇರು ಬಿಟ್ಟಿರಲ್ಲ, ಅಂಥ ಕಡೆ ನನ್ನ ಓಟು ನಿಂಗಿಲ್ಲ, ಆದ್ರೆ ನೀನು ಬಂದ್ರೂ ಪರವಾಗಿಲ್ಲ ಅನ್ನೋ ಮಾತನ್ನ ಜನರಿಂದ ಯಾರು ಗಳಿಸ್ತಾರೋ ಅವರೇ ಗೆಲ್ಲೋದು ನಂಗೆ ಸರಿ ಅನ್ಸುತ್ತೆ. ಪೆಲ್ಟೋಲಾ ಅದನ್ನ 15 ಸಾವಿರ ಬೆಗಿಚ್ ಬೆಂಬಲಿಗರಿಂದ ಗಳಿಸಿದ್ರು.

ಸೆಪ್ಟೆಂಬರ್ 13ಕ್ಕೆ ಪ್ರಮಾಣವಚನ, ಕಾಂಗ್ರೆಸ್ಸಿಗೆ ಕಾಲಿಟ್ಟ ಮೊದಲ ಅಲಾಸ್ಕಾ ಮೂಲನಿವಾಸಿ. ಆ ವಾರವೇ ಮೆರ್ಬೋಕ್ ಚಂಡಮಾರುತ ಪಶ್ಚಿಮ ಕರಾವಳಿಯ ಹಳ್ಳಿಗಳಿಗೆ ನುಗ್ಗಿತು. ಆಫೀಸಿಗೆ ಡಾನ್ ಯಂಗ್ ಅವರ ಚೀಫ್ ಆಫ್ ಸ್ಟಾಫನ್ನೇ ಇಟ್ಕೊಂಡ್ರು, ಎದುರು ಪಕ್ಷದವರ ಆಳು ಅಂತ ನೋಡಲಿಲ್ಲ. ನವೆಂಬರ್‌ನಲ್ಲಿ ಪೂರ್ತಿ ಅವಧಿಗೆ ನಡೆದ ಚುನಾವಣೇಲಿ ಕೊನೇ ಸುತ್ತಲ್ಲಿ 55 ಪರ್ಸೆಂಟ್ ತಗೊಂಡು ಮತ್ತೆ ಗೆದ್ರು.

2024ರಲ್ಲಿ ರಿಪಬ್ಲಿಕನ್ನರು ಪಾಠ ಕಲಿತಿದ್ರು. ಪ್ರೈಮರೀಲಿ ಹಿಂದೆ ಬಿದ್ದ ನ್ಯಾನ್ಸಿ ಡಾಲ್‌ಸ್ಟ್ರೋಮ್ ತಾವೇ ಹಿಂದೆ ಸರಿದ್ರು, ಓಟು ಒಡೆಯಲಿಲ್ಲ, ಬೆಗಿಚ್ 51 ಪರ್ಸೆಂಟ್ ಚಿಲ್ಲರೆ ತಗೊಂಡು ತಾತನ ಸೀಟಿಗೆ ಬಂದ್ರು, ಅದೂ ಅದೇ ಪ್ರಾಶಸ್ತ್ಯ ಎಣಿಕೇಲಿ. ಅದೇ ದಿನ ಈ ಪದ್ಧತೀನೇ ರದ್ದು ಮಾಡಿ ಅನ್ನೋ ಪ್ರಸ್ತಾವನೂ ಮತಕ್ಕಿತ್ತು, ಸಾವಿರಕ್ಕಿಂತ ಕಡಿಮೆ ಓಟಿನ ಅಂತರದಲ್ಲಿ ಬಿದ್ದುಹೋಯ್ತು.