ಕಟ್ಟಡಕ್ಕೆ ಹಣ ಬಂತು, ಸಿಸ್ಟರ್ ಬರಲಿಲ್ಲ

ರಾಯಚೂರು ಜಿಲ್ಲೆಯ ನಮ್ಮ ಊರಿನಲ್ಲಿ ಆರೋಗ್ಯ ಉಪಕೇಂದ್ರದ ಕಟ್ಟಡ ಎದ್ದು ನಿಂತು ಎರಡು ಮಳೆಗಾಲ ಕಳೆದರೂ ಅದರ ಬೀಗ ತೆಗೆದಿರಲಿಲ್ಲ. ಗೋಡೆಗೆ ಬಳಿದ ಹಳದಿ ಬಣ್ಣ ಮಾಸಿತ್ತು, ಮೆಟ್ಟಿಲ ಸಂದಿಯಲ್ಲಿ ಹುಲ್ಲು ಬೆಳೆದಿತ್ತು. ಊರಿನವರು ಸಿಸ್ಟರ್ ಎಂದೇ ಕರೆಯುವ ಆರೋಗ್ಯ ಸಹಾಯಕಿಯ ಹುದ್ದೆ ಭರ್ತಿಯಾಗದ ಕಾರಣ ಬಸುರಿಯರು ಟಂಟಂ ಹತ್ತಿ ಹೋಬಳಿಗೆ ಹೋಗುತ್ತಿದ್ದರು. ಕಡತದಲ್ಲಿ ಮಾತ್ರ ಆ ಕಾಮಗಾರಿ ಪೂರ್ಣಗೊಂಡಿತ್ತು, ಅನುದಾನವೂ ಪೂರ್ತಿ ಬಳಕೆಯಾಗಿತ್ತು.

ಸರ್ಕಾರದ ವೆಚ್ಚವನ್ನು ದೇಶದ ಅಭಿವೃದ್ಧಿಯ ಗುರಿಗಳಿಗೆ ಹೇಗೆ ಜೋಡಿಸಬೇಕು ಎಂದು ಯೋಚಿಸುವಾಗಲೆಲ್ಲ ನನಗೆ ಆ ಬೀಗ ನೆನಪಾಗುತ್ತದೆ. ನಮ್ಮ ಲೆಕ್ಕಪತ್ರಗಳು ಬಹುಕಾಲ ವೆಚ್ಚವನ್ನು ಯೋಜನಾ ವೆಚ್ಚ ಮತ್ತು ಯೋಜನೇತರ ವೆಚ್ಚ ಎಂದು ವಿಂಗಡಿಸಿದ್ದವು. ಹೊಸ ಶಾಲೆ, ಹೊಸ ಕಾಲುವೆ, ಹೊಸ ಆಸ್ಪತ್ರೆಗಳು ಯೋಜನೆಯ ಅಡಿಯಲ್ಲಿ ಬರುತ್ತಿದ್ದವು. ಅವು ನಿಂತ ಮೇಲೆ ಬೇಕಾಗುವ ಸಂಬಳ, ಔಷಧ ಮತ್ತು ದುರಸ್ತಿಯ ಖರ್ಚು ಬಹುಪಾಲು ಯೋಜನೇತರ ಪಟ್ಟಿಗೆ ಸೇರುತ್ತಿತ್ತು. ಹೆಸರಿನಲ್ಲೇ ಕಡೆಗಣನೆಗೆ ಒಳಗಾದ ಈ ಪಟ್ಟಿಯನ್ನು ಅನುತ್ಪಾದಕವೆಂದು ಭಾವಿಸಿ, ಉಳಿತಾಯದ ಪ್ರಶ್ನೆ ಎದ್ದಾಗ ಮೊದಲು ಅದಕ್ಕೇ ಕತ್ತರಿ ಹಾಕಲಾಗುತ್ತಿತ್ತು. ಅರ್ಥಶಾಸ್ತ್ರಜ್ಞ ಸಿ. ರಂಗರಾಜನ್ ಅಧ್ಯಕ್ಷತೆಯ, ಸಾರ್ವಜನಿಕ ವೆಚ್ಚದ ನಿರ್ವಹಣೆ ಕುರಿತ ಸಮಿತಿ 2011ರಲ್ಲಿ ಈ ವಿಂಗಡಣೆಯನ್ನು ಕೈಬಿಡಲು ಶಿಫಾರಸು ಮಾಡಿತು. ಕೇಂದ್ರ ಸರ್ಕಾರ 2017-18ರ ಆಯವ್ಯಯದಲ್ಲಿ ಅದನ್ನು ಜಾರಿಗೆ ತಂದಿತು. ಅದೇ ವರ್ಷ ಆಯವ್ಯಯ ಮಂಡನೆಯನ್ನು ಫೆಬ್ರವರಿ ಕೊನೆಯಿಂದ ಫೆಬ್ರವರಿ 1ಕ್ಕೆ ತಂದದ್ದರ ಉದ್ದೇಶವೂ ಸರಿಯಾಗಿತ್ತು: ಏಪ್ರಿಲ್ ಆರಂಭದಲ್ಲೇ ಹಣ ಕೈಸೇರಿದರೆ ಮಳೆ ಹಿಡಿಯುವ ಮುನ್ನ ಕೆಲಸ ಶುರುವಾಗುತ್ತದೆ, ಮಾರ್ಚ್ ಕೊನೆಯ ವಾರ ಖಜಾನೆಯಲ್ಲಿ ಬಿಲ್ಲುಗಳು ರಾಶಿ ಬೀಳುವುದು ಕಡಿಮೆಯಾಗುತ್ತದೆ.

ಆದರೂ ಹಳೆಯ ಮನೋಭಾವ ಬೇರೆ ಹೆಸರಿನಲ್ಲಿ ಉಳಿದಿದೆ. ಈಗ ರಸ್ತೆ, ಕಟ್ಟಡಗಳಂಥ ಆಸ್ತಿ ನಿರ್ಮಿಸುವ ಬಂಡವಾಳ ವೆಚ್ಚವೆಂದರೆ ಅಭಿವೃದ್ಧಿ, ಸಂಬಳ, ದುರಸ್ತಿಯಂಥ ದಿನನಿತ್ಯದ ರಾಜಸ್ವ ವೆಚ್ಚವೆಂದರೆ ಹೊರೆ ಎಂಬ ಮಾತು ಚಾಲ್ತಿಯಲ್ಲಿದೆ. 2025-26ರ ಕೇಂದ್ರ ಆಯವ್ಯಯದಲ್ಲಿ ಬಂಡವಾಳ ವೆಚ್ಚಕ್ಕೆ 11.21 ಲಕ್ಷ ಕೋಟಿ ರೂಪಾಯಿ ಮೀಸಲಿಡಲಾಯಿತು. ರಸ್ತೆ ಮತ್ತು ರೈಲು ಮಾರ್ಗಗಳು ಉತ್ಪಾದನೆಯನ್ನು ಹೆಚ್ಚಿಸುತ್ತವೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಓದು ಕಲಿಸುವ ಶಿಕ್ಷಕಿಯ ಸಂಬಳವೂ ಮುಂದಿನ ತಲೆಮಾರಿನ ದುಡಿಮೆಗೆ ಹಾಕಿದ ಬಂಡವಾಳವೇ ಅಲ್ಲವೇ? ಲೆಕ್ಕಪತ್ರದ ವಿಂಗಡಣೆ ಅದನ್ನು ಹಾಗೆ ಕಾಣುವುದಿಲ್ಲ. 2005ರಲ್ಲಿ ಅಂದಿನ ಹಣಕಾಸು ಸಚಿವ ಪಿ. ಚಿದಂಬರಂ ಅವರು ಸಂಸತ್ತಿನ ಮುಂದಿಟ್ಟ ಫಲಿತಾಂಶ ಆಯವ್ಯಯದ ಆಶಯವು ಈ ಕುರುಡನ್ನು ಹೋಗಲಾಡಿಸುವುದೇ ಆಗಿತ್ತು, ಅಂದರೆ ಎಷ್ಟು ಖರ್ಚಾಯಿತು ಎಂಬುದರ ಜೊತೆಗೆ ಅದರಿಂದ ಏನು ದಕ್ಕಿತು ಎಂಬುದನ್ನೂ ಇಲಾಖೆಗಳು ಹೇಳಬೇಕಿತ್ತು.

ಗುರಿಯನ್ನು ಮೊದಲು ಅಳೆದು ಆಮೇಲೆ ಹಣ ಕೇಳುವ ಕ್ರಮಕ್ಕೆ ನಮ್ಮ ರಾಜ್ಯದಲ್ಲೇ ಉತ್ತಮ ಮಾದರಿಯಿದೆ. ಪ್ರಾದೇಶಿಕ ಅಸಮತೋಲನದ ಅಧ್ಯಯನಕ್ಕೆ ರಾಜ್ಯ ಸರ್ಕಾರ ನೇಮಿಸಿದ್ದ, ಅರ್ಥಶಾಸ್ತ್ರಜ್ಞ ಡಾ. ಡಿ.ಎಂ. ನಂಜುಂಡಪ್ಪ ಅವರ ಸಮಿತಿ 2002ರ ವರದಿಯಲ್ಲಿ ಅಭಿವೃದ್ಧಿಯ 35 ಸೂಚಕಗಳನ್ನು ಹಿಡಿದು ಅಂದಿನ 175 ತಾಲ್ಲೂಕುಗಳನ್ನು ತೂಗಿ ನೋಡಿತು. 114 ಹಿಂದುಳಿದವು, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಆ 39ರಲ್ಲಿ 21 ಕಲಬುರಗಿ ವಿಭಾಗದವು, ನಮ್ಮ ಜಿಲ್ಲೆಯ ದೇವದುರ್ಗವೂ ಅವುಗಳಲ್ಲೊಂದು. ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿ ವೆಚ್ಚದ ವಿಶೇಷ ಅಭಿವೃದ್ಧಿ ಯೋಜನೆಯನ್ನೂ ಅದು ಸೂಚಿಸಿತು. ಆಮೇಲಿನ ಚರ್ಚೆಯೆಲ್ಲ ಎಷ್ಟು ಬಿಡುಗಡೆಯಾಯಿತು, ಎಷ್ಟು ಉಳಿಯಿತು ಎಂಬುದರ ಸುತ್ತಲೇ ನಡೆಯಿತು ಎಂಬುದು ನನ್ನ ಬೇಸರ. ಆ 35 ಸೂಚಕಗಳಲ್ಲಿ ಪ್ರತಿ ತಾಲ್ಲೂಕು ಈ ವರ್ಷ ಎಷ್ಟು ಮೇಲೇರಿತು ಎಂಬ ಒಂದು ಪುಟ ಪ್ರತಿ ಆಯವ್ಯಯದ ಜೊತೆಗೆ ಬಂದಿದ್ದರೆ, ಹಳ್ಳಿಯ ಗ್ರಾಮಸಭೆಯಲ್ಲಿ ಕೂತವರಿಗೂ ಪ್ರಶ್ನೆ ಕೇಳಲು ಆಧಾರ ಸಿಗುತ್ತಿತ್ತು.

ಮೂರನೆಯ ವರ್ಷ ನಮ್ಮ ಊರಿಗೆ ಸಿಸ್ಟರ್ ಬಂದರು. ಗುರುವಾರ ಗುರುವಾರ ಲಸಿಕೆಯ ಡಬ್ಬಿ ಬರತೊಡಗಿತು, ಕಟ್ಟೆಯ ಮೇಲೆ ತಾಯಂದಿರು ಕೂಸುಗಳನ್ನು ಎತ್ತಿಕೊಂಡು ಸರದಿಗಾಗಿ ಕಾಯತೊಡಗಿದರು.