1966ರ ಮಸ್ಟಾಂಗ್, 289 ಎಂಜಿನ್: ಭಾಗಗಳ ಆಯ್ಕೆ ಎಲ್ಲಿಗೆ ಬಂತು

ಹಳೇ ಫೋರ್ಡ್ ಕಾರಿನ ಎಂಜಿನ್ ಬಿಚ್ಚಿ ಮತ್ತೆ ಕಟ್ಟುವ ಕೆಲಸವಿದು. ಸದ್ಯದ ಸ್ಥಿತಿ: ಬ್ಲಾಕ್ (ಸಿಲಿಂಡರುಗಳಿರುವ ಎಂಜಿನ್ ಒಡಲು) ಬೋರ್ ಆಗಿ, ಅಂದರೆ ಸಿಲಿಂಡರ್ ಕೊರೆದು ಅಗಲವಾಗಿ ಬಂದಿದೆ, ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಶಾಫ್ಟ್) ಗ್ರೈಂಡ್ ಆಗಿದೆ, ಹೆಡ್‌ಗಳು ಬೆಂಚಿನ ಮೇಲಿವೆ. ಪಿಸ್ಟನ್, ಹೆಡ್ ಗ್ಯಾಸ್ಕೆಟ್, ಕ್ಯಾಮ್ (ವಾಲ್ವ್ ತೆರೆಸುವ ಉಬ್ಬುಗಳಿರುವ ಶಾಫ್ಟ್) ನಿರ್ಧಾರವಾಗಿವೆ. ಕಾರ್ಬೊರೇಟರ್ ಬಿಚ್ಚಿಟ್ಟಿದೆ, ಕಿಟ್ ಬರಬೇಕು.

ಗಾಡಿಯ ವಿಐಎನ್ (ಗುರುತಿನ ಸಂಖ್ಯೆ) 6ಎಫ್07ಸಿ ಎಂದು ಶುರುವಾಗುತ್ತದೆ. 6 ಅಂದರೆ 1966, ಎಫ್ ಅಂದರೆ ಡಿಯರ್‌ಬಾರ್ನ್ ಕಾರ್ಖಾನೆ, 07 ಹಾರ್ಡ್‌ಟಾಪ್, ಸಿ ಅಂದರೆ ಎರಡು ಬ್ಯಾರಲ್ ಕಾರ್ಬೊರೇಟರಿನ 289 ಘನ ಇಂಚಿನ, ಎಂಟು ಸಿಲಿಂಡರಿನ ವಿ8. ಫೋರ್ಡ್ ಕೊಟ್ಟ ಲೆಕ್ಕ 4400 ಆರ್‌ಪಿಎಂನಲ್ಲಿ 200 ಅಶ್ವಶಕ್ತಿ. ಗೇರ್‌ಬಾಕ್ಸ್ ಸಿ4 ಆಟೊಮ್ಯಾಟಿಕ್. ರೇಸಿನ ಆಸೆ ಇಲ್ಲ. ಇವತ್ತಿನ ಸೀಸವಿಲ್ಲದ ಪೆಟ್ರೋಲ್ ಕುಡಿದು, ಟ್ರಾಫಿಕ್ಕಿನಲ್ಲಿ ಬಿಸಿಯಾಗದೆ, 1500ರಿಂದ 4500 ಆರ್‌ಪಿಎಂ ನಡುವೆ ಚೆನ್ನಾಗಿ ಎಳೆದರೆ ಸಾಕು.

289ಕ್ಕೆ ಭಾಗ ಸಿಗುವುದು ಕಷ್ಟವೇನಲ್ಲ, ಬೇಕಾದ್ದಕ್ಕಿಂತ ಜಾಸ್ತಿಯೇ ಸಿಗುತ್ತವೆ. ತಲೆನೋವು ಇರುವುದು ಅಲ್ಲೇ. ಮುಂದೆ ಬಂದ 302 (ಘನ ಇಂಚು), ಅದರ ಮುಂದಿನ 5.0 (ಲೀಟರ್), ಎಲ್ಲ ಒಂದೇ ವಂಶದವು. ಬೋಲ್ಟ್ ಕೂರುತ್ತದೆ, ಆದರೆ ಭಾಗ ಸರಿಯಾದದ್ದೇ ಆಗಿರಬೇಕೆಂದಿಲ್ಲ.

ಬ್ಲಾಕ್ ಮತ್ತು ಪಿಸ್ಟನ್

ಮೂಲ ಬೋರ್ (ಸಿಲಿಂಡರಿನ ವ್ಯಾಸ) 4.000 ಇಂಚು, ಸ್ಟ್ರೋಕ್ (ಪಿಸ್ಟನ್ ಓಡುವ ಉದ್ದ) 2.870. ಸಿಲಿಂಡರಿನ ಮೇಲ್ತುದಿಯಲ್ಲಿ ಸವೆತದ ಅಂಚು ಉಗುರಿಗೆ ಸಿಗುವಷ್ಟಿತ್ತು, ಹಾಗಾಗಿ 30 ಥೌ (ಒಂದು ಥೌ ಅಂದರೆ ಇಂಚಿನ ಸಾವಿರದಲ್ಲೊಂದು ಪಾಲು) ಬೋರ್ ಹೊಡೆಸಿದ್ದಾಯಿತು. ಇದು ತೆಳುಗೋಡೆಯ ಎರಕ. 30 ನಿರಾಳ, 40 ಸಾಮಾನ್ಯವಾಗಿ ನಡೆಯುತ್ತದೆ, 60ಕ್ಕೆ ಹೋಗುವುದಾದರೆ ಗೋಡೆಯ ದಪ್ಪವನ್ನು ಸೋನಿಕ್ ಟೆಸ್ಟ್ ಮಾಡಿಸದೆ ಮುಟ್ಟಬಾರದು. ಗೋಡೆ ತೆಳುವಾದಷ್ಟೂ ಎಂಜಿನ್ ಬಿಸಿಯಾಗುತ್ತದೆ. ಆಮೇಲೆ ಎಷ್ಟು ದೊಡ್ಡ ರೇಡಿಯೇಟರ್ ಹಾಕಿದರೂ ದುಡ್ಡು ದಂಡ.

ಬೋರ್ ಹೊಡೆಯುವ ಮೊದಲೇ ಪಿಸ್ಟನ್ ಕೈಯಲ್ಲಿರಬೇಕು. ಪಿಸ್ಟನ್‌ಗೂ ಗೋಡೆಗೂ ಎಷ್ಟು ಸಂದು ಬಿಡಬೇಕೆಂಬುದು ಪಿಸ್ಟನ್ನಿನ ಲೋಹ ಮತ್ತು ತಯಾರಕರ ಹಾಳೆ ನೋಡಿ ತೀರ್ಮಾನವಾಗುವ ಮಾತು. 289, 302 ಎರಡಕ್ಕೂ ಪಿಸ್ಟನ್ ಒಂದೇ ನಡೆಯುತ್ತದೆ. ಸ್ಟ್ರೋಕಿನ ವ್ಯತ್ಯಾಸವನ್ನು ಕನೆಕ್ಟಿಂಗ್ ರಾಡ್ ಸರಿದೂಗಿಸುತ್ತದೆ: 289ರ ರಾಡ್ 5.155 ಇಂಚು, 302ರದು 5.090. ರಾಡ್ ಅದಲುಬದಲಾದರೆ ಪಿಸ್ಟನ್ 65 ಥೌ ಮೇಲೋ ಕೆಳಗೋ ನಿಲ್ಲುತ್ತದೆ. ಹಳೇ ಎಂಜಿನ್ ಬಿಚ್ಚಿದಾಗ ಎಂಟೂ ರಾಡ್ ಅಳೆಯಿರಿ. ಹಿಂದೆ ಯಾರು ಏನು ಸೇರಿಸಿದ್ದಾರೋ ಯಾರಿಗೆ ಗೊತ್ತು.

ಕ್ಯಾಟಲಾಗಿನಲ್ಲಿ ಎಲ್ಲರೂ ಬೋರ್ ಸೈಜ್ ನೋಡುತ್ತಾರೆ. ನೋಡಬೇಕಾದ್ದು ಕಂಪ್ರೆಷನ್ ಹೈಟ್, ಅಂದರೆ ಪಿನ್ನಿನ ಮಧ್ಯದಿಂದ ಪಿಸ್ಟನ್ ತಲೆಯವರೆಗಿನ ಎತ್ತರ. ಬ್ಲಾಕಿನ ಡೆಕ್ ಎತ್ತರ (ಕ್ರ್ಯಾಂಕಿನ ಮಧ್ಯದಿಂದ ಹೆಡ್ ಕೂರುವ ಮೇಲ್ಮೈವರೆಗೆ) 8.206. ಅದರಲ್ಲಿ ಅರ್ಧ ಸ್ಟ್ರೋಕ್ 1.435 ಮತ್ತು ರಾಡ್ 5.155 ಕಳೆದರೆ ಉಳಿಯುವುದು 1.616. 1.600ರ ಪಿಸ್ಟನ್ ಹಾಕಿದರೆ ತಲೆ ಡೆಕ್‌ಗಿಂತ 16 ಥೌ ಕೆಳಗೆ ನಿಲ್ಲುತ್ತದೆ. ಅಗ್ಗದ ರೀಬಿಲ್ಡ್ ಪಿಸ್ಟನ್‌ಗಳಲ್ಲಿ 1.585 ಇರುವುದುಂಟು. ಡೆಕ್ ಕೆತ್ತಿದ ಬ್ಲಾಕಿಗೂ ನಡೆಯಲಿ ಎಂದು ಗಿಡ್ಡ ಮಾಡಿರುತ್ತಾರೆ. ಕೆತ್ತದ ಬ್ಲಾಕಿಗೆ ಹಾಕಿದರೆ 31 ಥೌ ಕೆಳಗೆ. ಇದರ ಬೆಲೆ ಏನೆಂದು ಕೆಳಗಿನ ಲೆಕ್ಕದಲ್ಲಿದೆ.

ರಿಂಗ್ ಗ್ಯಾಪ್ (ಪಿಸ್ಟನ್ ರಿಂಗಿನ ಎರಡು ತುದಿಗಳ ನಡುವಿನ ಸಂದು) ವಿಷಯದಲ್ಲಿ ಒಂದು ಎಚ್ಚರಿಕೆ. ಬೋರಿನ ಪ್ರತಿ ಇಂಚಿಗೆ 4 ಥೌ ಎಂಬ ಹಳೇ ಲೆಕ್ಕದಲ್ಲಿ 4.030ಕ್ಕೆ 16 ಥೌ ಬರುತ್ತದೆ. ಕೆಲವು ಹೈಪರ್‌ಯುಟೆಕ್ಟಿಕ್ (ಸಿಲಿಕಾನ್ ಹೆಚ್ಚಿರುವ ಅಲ್ಯೂಮಿನಿಯಂ) ಪಿಸ್ಟನ್‌ಗಳಿಗೆ ಮೇಲಿನ ರಿಂಗಿಗೆ ಇಂಚಿಗೆ 6.5 ಥೌ ಬೇಕು, ಅಂದರೆ 26. ಅವುಗಳಲ್ಲಿ ರಿಂಗ್ ತಲೆಯ ಹತ್ತಿರವಿದ್ದು ಹೆಚ್ಚು ಬಿಸಿಯಾಗುತ್ತದೆ. 16 ಇಟ್ಟರೆ ರಿಂಗಿನ ಎರಡು ತುದಿ ಒಂದಕ್ಕೊಂದು ಒತ್ತಿ ಪಿಸ್ಟನ್ನಿನ ಅಂಚನ್ನೇ ಕಿತ್ತುಹಾಕುತ್ತವೆ. ಪಿಸ್ಟನ್ ಡಬ್ಬಿಯಲ್ಲಿ ಬರುವ ಹಾಳೆಯನ್ನು ಎಸೆಯಬೇಡಿ.

ಹೆಡ್, ಗ್ಯಾಸ್ಕೆಟ್, ಕಂಪ್ರೆಷನ್

ಇಲ್ಲಿ ಊಹೆ ನಡೆಯುವುದಿಲ್ಲ. ಹೆಡ್ ತಲೆಕೆಳಗಾಗಿಟ್ಟು, ವಾಲ್ವ್ ಮತ್ತು ಪ್ಲಗ್ ಕೂರಿಸಿ, ಚೇಂಬರಿನ (ಪೆಟ್ರೋಲ್ ಉರಿಯುವ ಗುಳಿ) ಸುತ್ತ ತೆಳುವಾಗಿ ಗ್ರೀಸ್ ಸವರಿ, ನಡುವೆ ತೂತಿರುವ ಅಕ್ರಿಲಿಕ್ ತಟ್ಟೆ ಒತ್ತಬೇಕು. ಬ್ಯೂರೆಟ್‌ನಿಂದ ಬಣ್ಣ ಬೆರೆಸಿದ ನೀರು ಬಿಟ್ಟು, ಗುಳ್ಳೆಯಿಲ್ಲದೆ ತುಂಬುವವರೆಗೆ ಎಷ್ಟು ಇಳಿಯಿತೆಂದು ಓದಬೇಕು. ಹೆಡ್ಡನ್ನು ಸ್ವಲ್ಪ ಓರೆಯಾಗಿಟ್ಟು ತೂತು ಮೇಲ್ಭಾಗದಲ್ಲಿ ಬರುವಂತೆ ಮಾಡಿದರೆ ಗುಳ್ಳೆ ತಾನಾಗಿ ಹೊರಬರುತ್ತದೆ. ಈ ಹೆಡ್‌ಗಳ ಸರಾಸರಿ 54.5 ಸಿಸಿ.

ಉಳಿದದ್ದು ಗಣಿತ. 4.030 ಬೋರಿಗೆ ಒಂದು ಸಿಲಿಂಡರ್ 600 ಸಿಸಿ. ಚೇಂಬರ್ 54.5, ಪಿಸ್ಟನ್ ತಲೆಯ ವಾಲ್ವ್ ಗುಳಿಗಳು 5, 16 ಥೌ ಡೆಕ್ ಸಂದು 3.3, ಒತ್ತಿದ ಮೇಲೆ 40 ಥೌ ದಪ್ಪ ಉಳಿಯುವ 4.100 ಬೋರಿನ ಗ್ಯಾಸ್ಕೆಟ್ 8.7. ಒಟ್ಟು 71.5. 600ಕ್ಕೆ ಈ 71.5 ಕೂಡಿಸಿ, ಅದನ್ನು 71.5ರಿಂದ ಭಾಗಿಸಿದರೆ ಕಂಪ್ರೆಷನ್ ಅನುಪಾತ 9.4. ಫೋರ್ಡ್ ಹೇಳಿದ್ದ 9.3ರ ಪಕ್ಕದಲ್ಲೇ ಇದೆ.

ಇದರಲ್ಲಿ ಒಂದೊಂದನ್ನೇ ಬದಲಿಸಿ ನೋಡಿ. ಗಿಡ್ಡ ಪಿಸ್ಟನ್ ಹಾಕಿದರೆ 9.0. ಮಸ್ಟಾಂಗಿನದೇ ಎಂದು ಅಗ್ಗಕ್ಕೆ ಸಿಗುವ 63 ಸಿಸಿಯ ನಂತರದ ಹೆಡ್ ಹಾಕಿದರೆ 8.5. ಹಳೇ ಕಾಲದ 20 ಥೌ ಉಕ್ಕಿನ ತೆಳು ಗ್ಯಾಸ್ಕೆಟ್ ಹಾಕಿದರೆ 9.9. ಬರೀ ಒಂದು ಗ್ಯಾಸ್ಕೆಟ್ಟಿನಿಂದ ಅರ್ಧ ಪಾಯಿಂಟ್ ಆಚೀಚೆ! ಆದರೆ ತೆಳು ಉಕ್ಕಿನ ಗ್ಯಾಸ್ಕೆಟ್‌ಗೆ ಡೆಕ್ಕೂ ಹೆಡ್ಡೂ ಕನ್ನಡಿಯಂತಿರಬೇಕು, ಇಲ್ಲವಾದರೆ ನೀರು ಸೋರುತ್ತದೆ. ಆಯ್ಕೆ 40 ಥೌ ಕಾಂಪೊಸಿಟ್.

ಪೆಟ್ರೋಲ್ ಬಂಕಿನ ಸಂಖ್ಯೆಯ ಬಗ್ಗೆ: ಅಮೆರಿಕದ 87 ಅಂದರೆ ಆರ್‌ಒಎನ್, ಎಂಒಎನ್ ಎಂಬ ಎರಡು ಆಕ್ಟೇನ್ ಅಳತೆಗಳ ಸರಾಸರಿ. ಭಾರತದಲ್ಲಿ 91 ಅಂದರೆ ಬರೀ ಆರ್‌ಒಎನ್. ಎರಡೂ ಹೆಚ್ಚುಕಮ್ಮಿ ಒಂದೇ ಪೆಟ್ರೋಲ್. ಅಲ್ಲಿನ 91 ಎಂದು ಓದಿ ಬೆಂಗಳೂರಿನಲ್ಲಿ 91 ತುಂಬಿಸಿದರೆ ನಾಕಿಂಗ್ (ಪೆಟ್ರೋಲ್ ತಾನಾಗಿ ಸಿಡಿದು ಎಂಜಿನ್ ಬಡಿಯುವುದು) ಬರಬಹುದು. ಎರಕದ ಕಬ್ಬಿಣದ ಹೆಡ್ ಇರುವ 9.4ಕ್ಕೆ ಅಮೆರಿಕದ 87 ತೀರಾ ಅಂಚು, 89 ಅಥವಾ 91 ನಿರಾಳ.

ಎಕ್ಸಾಸ್ಟ್ ವಾಲ್ವಿಗೆ ಗಟ್ಟಿ ಸೀಟ್ ಒತ್ತಿಸಲಾಗುತ್ತಿದೆ. ಹಿಂದೆ ಪೆಟ್ರೋಲಿನ ಸೀಸ ಸೀಟಿಗೆ ಲೇಪದಂತೆ ಕೂತು ಕಾಪಾಡುತ್ತಿತ್ತು. ಅದಿಲ್ಲದೆ ಹೈವೇ ವೇಗದಲ್ಲಿ ಓಡಿಸಿದರೆ ವಾಲ್ವ್ ಮೆಲ್ಲಗೆ ಸೀಟಿನೊಳಕ್ಕೆ ಇಳಿಯುತ್ತದೆ. ಪ್ಲಗ್ ತರುವಾಗಲೂ ನೋಡಿ: ಈ ಹೆಡ್‌ಗೆ 18 ಎಂಎಂ ಥ್ರೆಡ್, ಆಫ್ಟರ್‌ಮಾರ್ಕೆಟ್ ಅಲ್ಯೂಮಿನಿಯಂ ಹೆಡ್‌ಗಳಿಗೆ ಸಾಮಾನ್ಯವಾಗಿ 14.

ರಾಕರ್: ಇಲ್ಲಿ ವಾಲ್ವ್ ಬೀಳುತ್ತದೆ

1966ರ ಮಧ್ಯದಲ್ಲಿ ಫೋರ್ಡ್ ರಾಕರ್ (ಪುಶ್‌ರಾಡ್ ಎಂಬ ಕಡ್ಡಿ ಕೆಳಗಿನಿಂದ ತಳ್ಳಿದಾಗ ವಾಲ್ವ್ ಒತ್ತುವ ತೋಳು) ಬದಲಿಸಿತು. ಮೊದಲಿನ ಹೆಡ್‌ನಲ್ಲಿ ಪುಶ್‌ರಾಡ್ ತೂತು ಉದ್ದನೆಯ ಕಿರಿದಾದ ಸೀಳು, ಪುಶ್‌ರಾಡನ್ನು ನೇರವಾಗಿ ಹಿಡಿಯುವುದು ಅದೇ. ಆಮೇಲಿನದರಲ್ಲಿ ದುಂಡನೆಯ ದೊಡ್ಡ ತೂತು, ರಾಕರ್ ಮೂತಿಯ ಎರಡೂ ಪಕ್ಕ ಹಳಿಯಂಥ ಅಂಚು, ಆ ಅಂಚುಗಳೇ ವಾಲ್ವ್ ತುದಿಯನ್ನು ತಬ್ಬಿಕೊಂಡಿರುತ್ತವೆ. ಇದಕ್ಕೆ ರೇಲ್ ರಾಕರ್ ಎನ್ನುತ್ತಾರೆ, ವಾಲ್ವಿನ ತುದಿಯೂ ಉದ್ದ. ರೇಲ್ ರಾಕರನ್ನು ಹಳೇ ಗಿಡ್ಡ ತುದಿಯ ವಾಲ್ವ್ ಮೇಲೆ ಕೂರಿಸಿದರೆ ಅಂಚುಗಳು ರಿಟೇನರನ್ನು (ವಾಲ್ವ್ ಸ್ಪ್ರಿಂಗ್ ಹಿಡಿದಿಡುವ ತಟ್ಟೆ) ಒತ್ತಿ ಲಾಕ್ ಬಿಚ್ಚಿಸುತ್ತವೆ, ವಾಲ್ವ್ ಸಿಲಿಂಡರಿಗೆ ಬೀಳುತ್ತದೆ. ದುಂಡು ತೂತಿನ ಹೆಡ್‌ಗೆ ಸಾದಾ ರಾಕರ್ ಹಾಕಿದರೆ ಅದು ಪಕ್ಕಕ್ಕೆ ವಾಲುತ್ತದೆ. 1966ರ ಗಾಡಿಯಲ್ಲಿ ಎರಡರಲ್ಲಿ ಯಾವುದೂ ಇರಬಹುದು, ಆದ್ದರಿಂದ ವರ್ಷ ಹೇಳಿ ರಾಕರ್ ತರಿಸುವಂತಿಲ್ಲ, ತೂತು ನೋಡಿ ತರಿಸಬೇಕು. ಬೆಂಚಿನ ಮೇಲಿರುವುದು ಸೀಳಿನ ಹೆಡ್. ಸಾದಾ ರಾಕರ್ 16 ಬಂದಿವೆ.

ಕ್ಯಾಮ್

ಮೂಲ ಕ್ಯಾಮಿನ ಲಿಫ್ಟ್ (ವಾಲ್ವ್ ತೆರೆಯುವ ಎತ್ತರ) 0.370 ಇಂಚಿನ ಆಸುಪಾಸು. ಹೊಸದು ಹೈಡ್ರಾಲಿಕ್ ಫ್ಲಾಟ್ ಟ್ಯಾಪೆಟ್ (ಚಪ್ಪಟೆ ತಳದ ಲಿಫ್ಟರ್ ಕ್ಯಾಮಿನ ಮೇಲೆ ಉಜ್ಜುವ ಬಗೆ), 50 ಥೌನಲ್ಲಿ ಡ್ಯುರೇಷನ್ (ವಾಲ್ವ್ ತೆರೆದಿರುವ ಅವಧಿ) ಇಂಟೇಕ್/ಎಕ್ಸಾಸ್ಟ್ 204/214 ಡಿಗ್ರಿ, ಲಿಫ್ಟ್ 0.448/0.472, ಲೋಬ್ ಸೆಪರೇಷನ್ (ಇಂಟೇಕ್, ಎಕ್ಸಾಸ್ಟ್ ಉಬ್ಬುಗಳ ನಡುವಿನ ಕೋನ) 112. ಇದಕ್ಕಿಂತ ದೊಡ್ಡದು ಹಾಕಿದರೆ ಐಡಲ್‌ನಲ್ಲಿ ಗುಡುಗುಡು ಸದ್ದು ಚೆನ್ನಾಗಿ ಬರುತ್ತದೆ, ಆದರೆ ವ್ಯಾಕ್ಯೂಮ್ ಬೀಳುತ್ತದೆ. ಮೂಲ ಟಾರ್ಕ್ ಕನ್ವರ್ಟರ್ ಮತ್ತು ಹಿಂದಿನ ಆಕ್ಸಲ್ಲಿನ ಕಡಿಮೆ ಅನುಪಾತದ ಗೇರಿನೊಂದಿಗೆ ಸಿಗ್ನಲ್‌ನಲ್ಲಿ ಗಾಡಿ ಏಳುವುದೇ ಇಲ್ಲ. ಈ ಲಿಫ್ಟಿಗೂ ಹಳೇ ಸ್ಪ್ರಿಂಗ್ ಸಾಲದು. ಪೂರ್ತಿ ಒತ್ತಿದಾಗ ಸುರುಳಿಗಳ ನಡುವೆ ಒಟ್ಟು 60 ಥೌ ಉಳಿಯಬೇಕು, ರಿಟೇನರಿಗೂ ಗೈಡ್ ಸೀಲಿಗೂ ನಡುವೆಯೂ ಅಷ್ಟೇ.

ರೋಲರ್ ಯಾಕೆ ಬೇಡ? ಈ ಬ್ಲಾಕಿನಲ್ಲಿ ಕಾರ್ಖಾನೆಯ ರೋಲರ್ ಲಿಫ್ಟರ್ ಹಿಡಿಯುವ ವ್ಯವಸ್ಥೆಗೆ ಜಾಗವಿಲ್ಲ. ಜೋಡಿ ಕೂಡಿಸಿದ ಲಿಂಕ್ ಬಾರ್ ಲಿಫ್ಟರ್ ಬೇಕು, ಅದರ ಜೊತೆಗೆ ಪುಶ್‌ರಾಡ್, ಸ್ಪ್ರಿಂಗ್, ಉಕ್ಕಿನ ಕ್ಯಾಮಾದರೆ ಡಿಸ್ಟ್ರಿಬ್ಯೂಟರ್ ಗೇರ್ ಕೂಡ ಬದಲಾಗಬೇಕು. 5.0 ಎಚ್‌ಒ ಕ್ಯಾಮ್ ತಂದರೆ ಫೈರಿಂಗ್ ಆರ್ಡರೂ ಬೇರೆ: 289ರದು 1-5-4-2-6-3-7-8, ಅದರದು 1-3-7-2-6-5-4-8. ವೈರ್ ಹಳೇ ಕ್ರಮದಲ್ಲೇ ಜೋಡಿಸಿದರೆ ಕಾರ್ಬೊರೇಟರಿನಿಂದ ಬೆಂಕಿ ಕೆಮ್ಮುತ್ತದೆ.

ಫ್ಲಾಟ್ ಟ್ಯಾಪೆಟ್‌ನ ದೌರ್ಬಲ್ಯ ಮೊದಲ ಅರ್ಧ ಗಂಟೆ. ಲಿಫ್ಟರಿನ ತಳ ಚಪ್ಪಟೆ ಎನಿಸಿದರೂ ತುಸು ಉಬ್ಬಿರುತ್ತದೆ. ಎರಡು ಹೊಸ ಲಿಫ್ಟರ್ ತಳಕ್ಕೆ ತಳ ತಾಗಿಸಿ ಬೆಳಕಿಗೆ ಹಿಡಿದರೆ ಅಂಚಿನಲ್ಲಿ ಕೂದಲೆಳೆ ಸಂದು ಕಾಣಬೇಕು, ಅಲುಗಿಸಿದರೆ ತೊಟ್ಟಿಲಿನಂತೆ ತೂಗಬೇಕು. ತೂಗದಿದ್ದರೆ ಅದು ತಿರುಗುವುದಿಲ್ಲ, ತಿರುಗದ ಲಿಫ್ಟರ್ ಲೋಬನ್ನು ತಿಂದುಹಾಕುತ್ತದೆ. ಹದಿನಾರನ್ನೂ ಹೀಗೆ ನೋಡಿದ್ದಾಯಿತು, ಎರಡು ವಾಪಸ್ ಹೋದವು. ಎಂಜಿನ್ ಹತ್ತಿದ ತಕ್ಷಣ 2000ಕ್ಕೆ ಏರಿಸಿ 20ರಿಂದ 30 ನಿಮಿಷ 2000-2500ರ ನಡುವೆ ಆಡಿಸಬೇಕು. ಕ್ಯಾಮಿಗೆ ಆಯಿಲ್ ಸಿಗುವುದು ಕ್ರ್ಯಾಂಕ್ ಎರಚಿದಾಗ, ಐಡಲ್‌ನಲ್ಲಿ ಅದು ಸಾಕಷ್ಟು ಎರಚುವುದಿಲ್ಲ. ಜಿಂಕ್ ಹೆಚ್ಚಿರುವ ಬ್ರೇಕ್-ಇನ್ ಆಯಿಲ್ ಕಡ್ಡಾಯ.

28 ಮತ್ತು 50

ಈ ಎಂಜಿನ್ನಿನ ಸಮತೋಲನದ ಒಂದು ಪಾಲು ಹೊರಗಿದೆ, ಕ್ರ್ಯಾಂಕಿನ ಮುಂದಿನ ತುದಿಯ ಡ್ಯಾಂಪರ್ ಚಕ್ರದಲ್ಲಿ ಮತ್ತು ಹಿಂದಿನ ತುದಿಯ ಫ್ಲೆಕ್ಸ್‌ಪ್ಲೇಟಿನಲ್ಲಿ. 289ಕ್ಕೆ ಬೇಕಾದ್ದು 28 ಔನ್ಸ್-ಇಂಚು. 1980ರ ದಶಕದ 5.0ಗೆ 50. ಎರಡೂ ಅದೇ ಕ್ರ್ಯಾಂಕಿಗೆ ಕೂರುತ್ತವೆ. ತಪ್ಪಿದರೆ ಸ್ಟೀರಿಂಗಿನಲ್ಲೇ ನಡುಕ ಗೊತ್ತಾಗುತ್ತದೆ, ಬೇರಿಂಗ್ ಬಹಳ ದಿನ ಬಾಳುವುದಿಲ್ಲ. ಪುಲ್ಲಿಗೆ ಮೂರು ಬೋಲ್ಟಿನ ಡ್ಯಾಂಪರೇ ಬೇಕು, ನಂತರದವಕ್ಕೆ ನಾಲ್ಕು. ಬ್ಯಾಲೆನ್ಸಿಂಗಿಗೆ ಕೊಡುವಾಗ ಪಿಸ್ಟನ್, ಪಿನ್, ರಿಂಗ್, ರಾಡ್, ಬೇರಿಂಗ್, ಡ್ಯಾಂಪರ್, ಫ್ಲೆಕ್ಸ್‌ಪ್ಲೇಟ್ ಎಲ್ಲವನ್ನೂ ಒಟ್ಟಿಗೆ ಕೊಡಿ.

ಕ್ರ್ಯಾಂಕ್ 10 ಥೌ ಗ್ರೈಂಡ್ ಆಗಿದೆ: ಮೇನ್ 2.2386, ರಾಡ್ 2.1132. ಗ್ರೈಂಡ್ ಆಗಿ ಬಂದ ಮೇಲೆ ಅಳೆದು, ಆಮೇಲೆ ಬೇರಿಂಗ್ ತರಿಸಿದ್ದು. ಸಂದು ಎರಡು ಥೌ ಆಸುಪಾಸಿನಲ್ಲಿದೆ, ಚೆನ್ನಾಗಿದೆ.

ಸಣ್ಣಪುಟ್ಟವು

ಹಿಂದಿನ ಮೇನ್ ಸೀಲ್ (ಕ್ರ್ಯಾಂಕಿನ ಹಿಂದಿನ ತುದಿಯಲ್ಲಿ ಆಯಿಲ್ ತಡೆಯುವುದು): ಹಗ್ಗದ ಸೀಲ್ ತೆಗೆದು ಎರಡು ತುಂಡಿನ ರಬ್ಬರ್ ಹಾಕುವಾಗ ಕ್ಯಾಪಿನ ತೋಡಿನಲ್ಲಿ ಪುಟ್ಟ ಪಿನ್ ಇದೆಯೇ ನೋಡಿ. ಹಗ್ಗ ಜಾರದಿರಲೆಂದು ಇಟ್ಟದ್ದು. ಅದನ್ನು ಕೀಳದಿದ್ದರೆ ಹೊಸ ಸೀಲಿನ ಬೆನ್ನಿಗೆ ಚುಚ್ಚಿ ಮೊದಲ ದಿನವೇ ಆಯಿಲ್ ಸೋರುತ್ತದೆ. ಸೀಲಿನ ತುಟಿ ಎಂಜಿನ್ ಒಳಮುಖವಾಗಿರಲಿ, ಎರಡು ತುದಿಗಳು ಕ್ಯಾಪ್ ಕೂಡುವ ಗೆರೆಯಿಂದ ಸುಮಾರು 10 ಎಂಎಂ ಸರಿದಿರಲಿ.

ಆಯಿಲ್ ಪಂಪ್ ಸಾದಾ ಸಾಮರ್ಥ್ಯದ್ದೇ ಸಾಕು. ಹೈ ವಾಲ್ಯೂಮ್ ಪಂಪ್ ಕಾಲಿಂಚಿನ ಷಡ್ಭುಜ ಶಾಫ್ಟಿಗೂ ಡಿಸ್ಟ್ರಿಬ್ಯೂಟರ್ ಗೇರಿಗೂ ಸುಮ್ಮನೆ ಭಾರ. ಆ ಶಾಫ್ಟಿನ ಕ್ಲಿಪ್ ಮೇಲ್ಗಡೆ ಇರಬೇಕು. ತಪ್ಪಿದರೆ ಮುಂದೆಂದೋ ಡಿಸ್ಟ್ರಿಬ್ಯೂಟರ್ ಎತ್ತುವಾಗ ಶಾಫ್ಟೂ ಎದ್ದು ಬಂದು ತಳದ ಆಯಿಲ್ ಸಂಪಿನೊಳಗೆ ಬೀಳುತ್ತದೆ. ಇಂಟೇಕ್ ಮ್ಯಾನಿಫೋಲ್ಡಿನ ಎರಡು ತುದಿಯ ಕಾರ್ಕ್ ಪಟ್ಟಿಗಳು ಕಿಟ್ಟಿನಲ್ಲೇ ಉಳಿಯಲಿ, ಅಲ್ಲಿಗೆ ಆರ್‌ಟಿವಿ ಸಿಲಿಕೋನ್ ಸಾಕು.

ಕಾರ್ಬೊರೇಟರ್ ಮೂಲದ ಆಟೊಲೈಟ್ 2100, ಪಕ್ಕದಲ್ಲಿ ವೃತ್ತದೊಳಗೆ 1.08 (ಗಾಳಿ ಹಾಯುವ ಗಂಟಲಿನ ವ್ಯಾಸ, ಇಂಚಿನಲ್ಲಿ) ಎಂದು ಎರಕವಾಗಿದೆ. ನಾಲ್ಕು ಬ್ಯಾರಲ್ ಹಾಕುವ ಮನಸ್ಸಿರುವವರಿಗೆ ಲೆಕ್ಕ: ಬೋರ್ ಹೊಡೆಸಿದ ಮೇಲಿನ 293 ಘನ ಇಂಚನ್ನು 5500 ಆರ್‌ಪಿಎಂನಿಂದ ಗುಣಿಸಿ 3456ರಿಂದ ಭಾಗಿಸಿದರೆ 466, ಅದರ ಶೇ. 85 ಅಂದರೆ 396 ಸಿಎಫ್‌ಎಂ (ನಿಮಿಷಕ್ಕೆ ಇಷ್ಟು ಘನ ಅಡಿ ಗಾಳಿ). ಇದಕ್ಕೆ 750 ಹಾಕುವುದು ಮೂಗಿಗಿಂತ ಮೂಗುತಿ ಭಾರ. 500ರ ಒಳಗಿನದು ಸಾಕು. ಎಥನಾಲ್ ಬೆರೆತ ಪೆಟ್ರೋಲಿಗೆ ಹೋಸ್, ಪಂಪಿನ ಡಯಾಫ್ರಂ ಎರಡೂ ಹೊಸ ತರಹದವೇ ಬೇಕು.

ಮುಂದಿನ ಕೆಲಸ: ಹೆಡ್ ಬೋಲ್ಟ್ 50, 60, ಕೊನೆಗೆ 65-72 ಅಡಿ-ಪೌಂಡ್, ಮೂರು ಸುತ್ತಿನಲ್ಲಿ. ರಾಕರ್ ನಟ್ ಸಡಿಲ ಹೋದ ಜಾಗದಿಂದ ಅರ್ಧ-ಮುಕ್ಕಾಲು ಸುತ್ತು. ಆಮೇಲೆ ಡಿಸ್ಟ್ರಿಬ್ಯೂಟರ್ ಹಾಕುವ ಮೊದಲು ಕಾಲಿಂಚಿನ ಸಾಕೆಟ್ ಇಳಿಸಿ ಡ್ರಿಲ್‌ನಿಂದ ಪಂಪ್ ತಿರುಗಿಸಬೇಕು, ಡ್ರಿಲ್ ರಿವರ್ಸ್‌ನಲ್ಲಿರಲಿ. ಆಯಿಲ್ ಹಿಡಿದ ಕ್ಷಣ ಡ್ರಿಲ್ಲಿನ ಸದ್ದು ಭಾರವಾಗುತ್ತದೆ. ಕ್ರ್ಯಾಂಕನ್ನು ಆಗಾಗ ಕಾಲು ಸುತ್ತು ತಿರುಗಿಸುತ್ತ, ಹದಿನಾರೂ ರಾಕರಿನಲ್ಲಿ ಆಯಿಲ್ ಜಿನುಗುವವರೆಗೆ ನಿಲ್ಲಿಸುವಂತಿಲ್ಲ.