ಅರ್ಧಕ್ಕೆ ನಿಂತರೆ ಕೈಗೆ ಏನು ಸಿಗುತ್ತದೆ?

ಅಮೆರಿಕದಲ್ಲಿ ಮತ್ತೆ ಕಾಲೇಜಿಗೆ ಸೇರಿದ್ದೇನೆ ಅಂತ ಊರಿಗೆ ಫೋನ್ ಮಾಡಿ ಹೇಳಿದಾಗಲೆಲ್ಲ ಬರುವ ಪ್ರಶ್ನೆ ಒಂದೇ. "ಯಾವುದಕ್ಕೆ ಸೇರಿದೆ? ಅದಕ್ಕೆ ಸ್ಕೋಪ್ ಇದೆಯಾ?" ಅಣ್ಣ ಕೇಳಿದ, ಚಿಕ್ಕಮ್ಮ ಕೇಳಿದರು, ಇಲ್ಲಿನ ಕನ್ನಡದವರೂ ಕೇಳಿದರು. ಹದಿನೆಂಟರ ಹುಡುಗ ಹುಡುಗಿಯರಿಗೆ ಅದು ಸರಿಯಾದ ಪ್ರಶ್ನೆಯೇ. ನಲವತ್ತು ದಾಟಿದವರು ಅದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ್ದು ಬೇರೆ ಇದೆ: ಅರ್ಧ ದಾರಿಯಲ್ಲಿ ಓದು ನಿಂತುಹೋದರೆ ಕೈಗೆ ಏನು ಸಿಗುತ್ತದೆ?

ನನಗೆ ಈ ಪ್ರಶ್ನೆ ಸುಮ್ನೆ ಹೊಳೆದದ್ದಲ್ಲ. ಬಿ.ಎಸ್ಸಿ. ಎರಡನೆಯ ವರ್ಷ ಮುಗಿಯುವಾಗ ಮದುವೆ, ಆಮೇಲೆ ವೀಸಾ, ಆಮೇಲೆ ಮಗ. ಎರಡು ವರ್ಷ ಓದಿದ್ದಕ್ಕೆ ಅಂಕಪಟ್ಟಿ ಬಿಟ್ಟರೆ ಏನೂ ಇಲ್ಲ. ಈಗ ಮಗ ಹೈಸ್ಕೂಲು, ನಮಗೆ ಗ್ರೀನ್ ಕಾರ್ಡ್ ಬಂದಿದೆ, ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ ಮನೆ. ಹತ್ತಿರದಲ್ಲೇ ಓಲೋನಿ ಎನ್ನುವ ಕಮ್ಯುನಿಟಿ ಕಾಲೇಜು.

ಇಲ್ಲಿನ ಪದ್ಧತಿ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಡಿಗ್ರಿಗೆ ಸುಮಾರು 120 ಕ್ರೆಡಿಟ್ ಬೇಕು, ಇಲ್ಲಿ ಅದನ್ನೇ ಯೂನಿಟ್ ಅನ್ನುತ್ತಾರೆ. ಅದರಲ್ಲಿ ಒಂದು ಪಾಲು ಎಲ್ಲರೂ ಓದಲೇಬೇಕಾದ ಇಂಗ್ಲಿಷ್, ಗಣಿತ, ವಿಜ್ಞಾನ, ಸಮಾಜ. ಇನ್ನೊಂದು ಪಾಲು ನಿಮ್ಮ ಮೇಜರ್, ಅಂದರೆ ಮುಖ್ಯ ವಿಷಯ. ಮೊದಲ 60ನ್ನು ಕಮ್ಯುನಿಟಿ ಕಾಲೇಜಿನಲ್ಲಿ ಮುಗಿಸಿ, ಮಿಕ್ಕಿದ್ದಕ್ಕೆ ವಿಶ್ವವಿದ್ಯಾಲಯಕ್ಕೆ ಹೋಗಬಹುದು. ಕ್ಯಾಲಿಫೋರ್ನಿಯಾದ ನಿವಾಸಿಗಳಿಗೆ ಕಮ್ಯುನಿಟಿ ಕಾಲೇಜಿನ ಶುಲ್ಕ ಒಂದು ಯೂನಿಟ್‌ಗೆ 46 ಡಾಲರ್. ಮೂರು ಯೂನಿಟ್‌ನ ಕೋರ್ಸಿಗೆ 138. ಅಮೆರಿಕದ ಲೆಕ್ಕದಲ್ಲಿ ಇದು ಬಹಳ ಅಗ್ಗ.

ದುಡ್ಡು ಅಗ್ಗವಾದರೂ ಹೊತ್ತು ಅಗ್ಗವಲ್ಲ. ಒಂದು ಯೂನಿಟ್ ಅಂದರೆ ವಾರಕ್ಕೆ ಸುಮಾರು ಮೂರು ಗಂಟೆಯ ಕೆಲಸ, ಕ್ಲಾಸಿನಲ್ಲಿ ಒಂದು, ಮನೆಯಲ್ಲಿ ಎರಡು. ಪೂರ್ಣಾವಧಿ ವಿದ್ಯಾರ್ಥಿ ಅನ್ನಿಸಿಕೊಳ್ಳಲು 12 ಯೂನಿಟ್ ತೆಗೆದುಕೊಂಡರೆ ವಾರಕ್ಕೆ 36 ಗಂಟೆ! ಮನೆ ನಡೆಸುವವರಿಗೆ ಎರಡು ಕೋರ್ಸೇ ಜಾಸ್ತಿ.

ಹಳೆಯ ಅಂಕಪಟ್ಟಿ ಎಸೆಯಬೇಡಿ. ಅದನ್ನು ಇಲ್ಲಿನ ಮಾನ್ಯತೆ ಪಡೆದ ಮೌಲ್ಯಮಾಪನ ಸಂಸ್ಥೆಗೆ ಕಳಿಸಿ ಕೋರ್ಸುವಾರು ವರದಿ ತರಿಸಬೇಕು. ಆ ವರದಿ ಹಿಡಿದುಕೊಂಡು ನಾನು ಕೌನ್ಸೆಲರ್ ಮುಂದೆ ಕೂತೆ. ನನಗಿಂತ ಹತ್ತು ವರ್ಷ ಚಿಕ್ಕವಳಿರಬೇಕು. ಪರದೆಯ ಮೇಲೆ ನರ್ಸಿಂಗ್, ಕಂಪ್ಯೂಟರ್ ಸೈನ್ಸ್, ಅಕೌಂಟಿಂಗ್ ಮೂರರ ಪಟ್ಟಿ ತೆರೆದು, ಕೋರ್ಸಿನಿಂದ ಕೋರ್ಸಿಗೆ ಬೆರಳಿಟ್ಟು ತೋರಿಸುತ್ತಾ ಹೋದಳು. "ಇದು ಪಾಸಾಗದೆ ಅದಕ್ಕೆ ಸೇರುವ ಹಾಗಿಲ್ಲ, ಅದು ಆಗದೆ ಇದಕ್ಕಿಲ್ಲ. ನೀವು ಒಟ್ಟು ಯೂನಿಟ್ ಎಣಿಸಬೇಡಿ, ಈ ಸರಪಳಿಯ ಉದ್ದ ನೋಡಿ" ಅಂದಳು. ಯಾರೂ ಹೇಳದಿದ್ದ ಮಾತು. ಕಂಪ್ಯೂಟರ್ ಸೈನ್ಸ್‌ಗೆ ಗಣಿತವೇ ಒಂದರ ಹಿಂದೆ ಒಂದು: ಪ್ರೀಕ್ಯಾಲ್ಕುಲಸ್, ಕ್ಯಾಲ್ಕುಲಸ್ ಒಂದು, ಎರಡು, ಅದರಾಚೆಗೆ ಇನ್ನೂ. ಸೆಮಿಸ್ಟರಿಗೆ ಒಂದರಂತೆ ಹೋದರೆ ಗಣಿತದಲ್ಲೇ ವರ್ಷಗಳು ಕಳೆಯುತ್ತವೆ. ಮಧ್ಯದಲ್ಲಿ ಒಂದು ಸೆಮಿಸ್ಟರ್ ಬಿಟ್ಟರೆ, ಆ ಕೋರ್ಸ್ ಮತ್ತೆ ಬರುವವರೆಗೆ ಕಾಯಬೇಕು.

ನರ್ಸಿಂಗ್ ನನಗೆ ನಿಜವಾಗಿ ಆಸೆಯಿತ್ತು. ಬಿ.ಎಸ್ಸಿ.ಯಲ್ಲಿ ಜೀವಶಾಸ್ತ್ರ ಓದಿದ್ದೆನಲ್ಲ. ಆದರೆ ಹಲವು ನರ್ಸಿಂಗ್ ಪ್ರೋಗ್ರಾಂಗಳು ಅನಾಟಮಿ, ಮೈಕ್ರೋಬಯಾಲಜಿಯಂಥ ಕೋರ್ಸುಗಳನ್ನು ಇತ್ತೀಚಿನ ಐದೋ ಏಳೋ ವರ್ಷದೊಳಗೆ ಓದಿರಬೇಕು ಅನ್ನುತ್ತವೆ. ನನ್ನವು ಇಪ್ಪತ್ತು ವರ್ಷ ಹಳೆಯವು. ಎಲ್ಲವನ್ನೂ ಲ್ಯಾಬ್ ಸಮೇತ ಮತ್ತೆ ಓದಿ, ಆಮೇಲೆ ಸೀಟಿಗೆ ಅರ್ಜಿ ಹಾಕಬೇಕು. ಸೀಟು ಸಿಕ್ಕರೆ ಆಸ್ಪತ್ರೆಯ ತರಬೇತಿ ಬೆಳಗ್ಗೆ ಏಳಕ್ಕೆಲ್ಲ ಶುರು. ಸಿಗದಿದ್ದರೆ? ಕೈಗೆ ಬರುವುದು ಮತ್ತೊಂದು ಅಂಕಪಟ್ಟಿ. ಒಂದು ಈಗಾಗಲೇ ಇದೆಯಲ್ಲ. ಮೂವತ್ತರೊಳಗಿದ್ದರೆ ಅದಕ್ಕೇ ಹೋಗುತ್ತಿದ್ದೆ ಅಂತ ಈಗಲೂ ಅನ್ನಿಸುತ್ತದೆ.

ಇದಕ್ಕೆ ಪೂರ್ತಿ ಉಲ್ಟಾ ಇರುವ ಮೇಜರ್ ಮಕ್ಕಳ ಶಿಕ್ಷಣ, ಅಂದರೆ ಪುಟ್ಟ ಮಕ್ಕಳಿಗೆ ಕಲಿಸುವುದರ ಓದು. ಕ್ಯಾಲಿಫೋರ್ನಿಯಾದಲ್ಲಿ ಆ ವಿಷಯದ ಮುಖ್ಯ ಕೋರ್ಸುಗಳಲ್ಲಿ 12 ಯೂನಿಟ್ ಮುಗಿಸಿ ಆರು ತಿಂಗಳ ಅನುಭವ ಇದ್ದರೆ ಲೈಸೆನ್ಸ್ ಇರುವ ಪ್ರೀಸ್ಕೂಲಿನಲ್ಲಿ ಟೀಚರ್ ಆಗಬಹುದು. ನನ್ನ ಪರಿಚಯದ ಎಷ್ಟೋ ಹೆಂಗಸರು ಈ ದಾರಿ ಹಿಡಿದಿದ್ದಾರೆ. ಸಂಬಳ ಕಡಿಮೆ ಅಂತ ಮೂಗು ಮುರಿಯುವವರಿದ್ದಾರೆ, ಸಂಬಳ ಕಡಿಮೆಯೇ. ಆದರೆ ನಾಲ್ಕು ಕೋರ್ಸಿಗೆ ಒಂದು ಕೆಲಸ ಕೊಡುವ ಮೇಜರ್ ಇನ್ನೆಷ್ಟಿವೆ ಹೇಳಿ. ಮಕ್ಕಳ ಜೊತೆ ದಿನವಿಡೀ ಇರುವ ತಾಳ್ಮೆ ನನಗಿಲ್ಲ, ಅಷ್ಟೇ.

ಏನೂ ತೀರ್ಮಾನವಾಗದ ಮೊದಲ ಸೆಮಿಸ್ಟರಿನಲ್ಲಿ ಸ್ಟ್ಯಾಟಿಸ್ಟಿಕ್ಸ್ ಮತ್ತು ಇಂಗ್ಲಿಷ್ ತೆಗೆದುಕೊಂಡೆ. ನರ್ಸಿಂಗ್, ಬಿಸಿನೆಸ್, ಸೈಕಾಲಜಿ, ಪಬ್ಲಿಕ್ ಹೆಲ್ತ್, ಯಾವುದಕ್ಕೆ ಹೋದರೂ ಇವೆರಡು ಬೇಕಾಗುತ್ತವೆ. ಯಾವ ಕೋರ್ಸ್ ಯಾವ ವಿಶ್ವವಿದ್ಯಾಲಯದಲ್ಲಿ ಯಾವ ಮೇಜರ್‌ಗೆ ಲೆಕ್ಕಕ್ಕೆ ಬರುತ್ತದೆ ಎಂದು ತೋರಿಸುವ ‘ಅಸಿಸ್ಟ್’ ಎಂಬ ತಾಣ ಈ ರಾಜ್ಯದಲ್ಲಿದೆ. ಬಿಟ್ಟಿ. ಪಕ್ಕದ ಮನೆಯವರ ಸಲಹೆಗಿಂತ ಅದನ್ನು ನಂಬಿ.

ವೀಸಾದ ವಿಷಯ ಹಲವರು ಕೇಳುತ್ತಾರೆ. ಎಚ್-1ಬಿ ಕೆಲಸದ ವೀಸಾದವರ ಮನೆಯವರಿಗೆ ಸಿಗುವ ಎಚ್-4ನಲ್ಲಿ ಓದಬಹುದು, ಕೆಲಸದ ಪರವಾನಗಿ ಇಲ್ಲದೆ ದುಡಿಯುವ ಹಾಗಿಲ್ಲ. ಆ ಪರವಾನಗಿ 2015ರಿಂದ ಕೆಲವರಿಗೆ ಸಿಗುತ್ತಿದೆ. ಮುಖ್ಯವಾಗಿ, ಗಂಡ ಅಥವಾ ಹೆಂಡತಿಯ ಗ್ರೀನ್ ಕಾರ್ಡ್ ಪ್ರಕ್ರಿಯೆಯಲ್ಲಿ ಐ-140 ಎಂಬ ಅರ್ಜಿ (ಸಾಮಾನ್ಯವಾಗಿ ಕಂಪನಿ ಹಾಕುವುದು) ಒಪ್ಪಿಗೆ ಆಗಿರಬೇಕು. ವಿದ್ಯಾರ್ಥಿ ವೀಸಾಕ್ಕೆ ಬದಲಾಯಿಸಿಕೊಂಡರೆ ಡಿಗ್ರಿಯ ನಂತರ 12 ತಿಂಗಳು ಕೆಲಸ ಮಾಡಬಹುದು, ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿರುವ ಮೇಜರ್ ಆದರೆ ಇನ್ನೂ 24 ತಿಂಗಳು. ಅಂಥವರಿಗೆ ಮೇಜರ್‌ನ ಹೆಸರೇ ಎರಡು ವರ್ಷದ ವ್ಯತ್ಯಾಸ ಮಾಡಿಬಿಡುತ್ತದೆ.

ಗ್ರೀನ್ ಕಾರ್ಡ್ ಇದ್ದರೆ ಫಾಫ್ಸಾ ಅರ್ಜಿ ತುಂಬಿ ಕೇಂದ್ರ ಸರ್ಕಾರದ ನೆರವು ಕೇಳಬಹುದು. ಪೆಲ್ ಅನುದಾನದ ಗರಿಷ್ಠ ಮೊತ್ತ 2025-26ರಲ್ಲಿ 7,395 ಡಾಲರ್. ಮನೆಯ ಆದಾಯ ನೋಡಿ ಕೊಡುತ್ತಾರೆ, ಸಾಲ ಅಲ್ಲ. ನಮ್ಮ ಮನೆಗೆ ಅದು ಬರಲಿಲ್ಲ. ಊರಲ್ಲಿ ಡಿಗ್ರಿ ಮುಗಿಸಿ ಬಂದವರಿಗೂ ಸಾಮಾನ್ಯವಾಗಿ ಬರುವುದಿಲ್ಲ, ಅದು ಮೊದಲ ಡಿಗ್ರಿಯವರಿಗೆ. (ಡಿಗ್ರಿ ಇದ್ದವರು ಇನ್ನೊಂದು ಡಿಗ್ರಿ ಹುಡುಕುವ ಬದಲು ನೇರ ಮಾಸ್ಟರ್ಸ್ ಅಥವಾ ಸರ್ಟಿಫಿಕೇಟ್ ನೋಡುವುದು ವಾಸಿ.) ಇನ್ನೊಂದು ನಿಯಮ ನೆನಪಿಡಿ. ಒಂದು ಡಿಗ್ರಿಗೆ ಬೇಕಾದ ಯೂನಿಟ್‌ಗಳ ಒಂದೂವರೆ ಪಟ್ಟು ಮೀರುವ ಹಾಗಾದರೆ ಕೇಂದ್ರದ ನೆರವು ನಿಲ್ಲುತ್ತದೆ. ಸಾಲ ಮಾಡಿ ಓದುವವರು ಮೇಜರ್ ಮೇಲೆ ಮೇಜರ್ ಬದಲಾಯಿಸುತ್ತಾ ಹೋದರೆ ಈ ಗೋಡೆ ಎದುರಾಗುತ್ತದೆ.

ಅಕೌಂಟಿಂಗ್‌ಗೆ ನಾನು ಬಂದದ್ದು ಒಂದು ರಾತ್ರಿಯ ಹೋಂವರ್ಕಿನಿಂದ. ಬ್ಯಾಂಕಿನ ಲೆಕ್ಕಕ್ಕೂ ಕಂಪನಿಯ ಪುಸ್ತಕಕ್ಕೂ ತಾಳೆ ನೋಡುವ ಲೆಕ್ಕ. 90 ಡಾಲರ್ ವ್ಯತ್ಯಾಸ ಬರುತ್ತಿತ್ತು. ವ್ಯತ್ಯಾಸವನ್ನು ಒಂಬತ್ತರಿಂದ ಶೇಷವಿಲ್ಲದೆ ಭಾಗಿಸಲು ಬಂದರೆ ಎಲ್ಲೋ ಎರಡು ಅಂಕಿ ಅದಲುಬದಲಾಗಿದೆಯೇನೋ ನೋಡಿ ಅಂತ ಕ್ಲಾಸಿನಲ್ಲಿ ಹೇಳಿದ್ದರು. ಒಂದೊಂದೇ ಸಾಲು ಬೆರಳಿಟ್ಟು ಇಳಿದೆ. ಸಿಕ್ಕಿತು. 540ರ ಚೆಕ್ಕನ್ನು 450 ಎಂದು ಬರೆದಿದ್ದರು. ಗಡಿಯಾರ ನೋಡಿದರೆ ಹನ್ನೊಂದೂವರೆ. ಮಗ ಬಂದು "ಅಮ್ಮಾ, ನೀನು ನಗ್ತಾ ಇದೀಯಾ?" ಅಂದ. ಒಂದು ವಿಷಯದ ಬೋರಿಂಗ್ ಭಾಗವನ್ನು ದಣಿದ ಹೊತ್ತಿನಲ್ಲೂ ಮಾಡಬಲ್ಲಿರಾ, ನೋಡಿ. ಚೆಂದದ ಭಾಗ ಎಲ್ಲರಿಗೂ ಇಷ್ಟವೇ.

ಜೊತೆಗೆ ಈ ದಾರಿಯಲ್ಲಿ ಇಳಿಯಲು ನಿಲ್ದಾಣಗಳಿವೆ. ಕೆಲವೇ ಕೋರ್ಸಿಗೆ ಬುಕ್‌ಕೀಪಿಂಗ್ ಸರ್ಟಿಫಿಕೇಟ್ ಸಿಗುತ್ತದೆ. ಎನ್‌ರೋಲ್ಡ್ ಏಜೆಂಟ್, ಅಂದರೆ ತೆರಿಗೆ ಇಲಾಖೆಯ ಮುಂದೆ ಜನರ ಪರವಾಗಿ ವ್ಯವಹರಿಸುವವರು, ಆಗಲು ತೆರಿಗೆ ಇಲಾಖೆಯ ಮೂರು ಭಾಗದ ಪರೀಕ್ಷೆ ಪಾಸಾಗಬೇಕು, ಡಿಗ್ರಿಯೇ ಬೇಕಿಲ್ಲ. 60 ಯೂನಿಟ್‌ಗೆ ಅಸೋಸಿಯೇಟ್ ಡಿಗ್ರಿ. ಅದರಲ್ಲೂ ವರ್ಗಾವಣೆಗೆಂದೇ ಇರುವ ಅಸೋಸಿಯೇಟ್ ಡಿಗ್ರಿ ಮಾಡಿ ಅರ್ಹತೆ ಪಡೆದರೆ ಕ್ಯಾಲ್ ಸ್ಟೇಟ್ ಎಂಬ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಎಲ್ಲಾದರೂ ಒಂದು ಕಡೆ ಸೀಟು ಖಚಿತ, ಆದರೆ ನೀವು ಕೇಳಿದ ಊರಲ್ಲೇ ಅಂತಲ್ಲ. ನಮ್ಮ ಸಿಎ ಥರದ ಸಿಪಿಎ ಪರೀಕ್ಷೆ ನಾಲ್ಕು ಭಾಗ, ಅದು ಇನ್ನೂ ದೂರದ ಮಾತು. ಆಗದಿದ್ದರೂ ಇಷ್ಟು ಓದಿದ್ದು ನೀರಿನಲ್ಲಿ ಹೋಮ ಆಗುವುದಿಲ್ಲ.

ಅಣ್ಣ ಮೊನ್ನೆಯೂ ಫೋನಿನಲ್ಲಿ "ಅಕೌಂಟಿಂಗ್ ಎಲ್ಲ ಎಐ ಮಾಡ್ಬಿಡುತ್ತೆ ಕಣೇ" ಅಂದ. ಮಾಡಬಹುದು. ಅವನ ಕೆಲಸವನ್ನೂ ಮಾಡಬಹುದು, ಅವನು ಬ್ಯಾಂಕಿನಲ್ಲಿದ್ದಾನೆ. ತಪ್ಪಾದಾಗ ಸಹಿ ಹಾಕಿದವರನ್ನು ಕೇಳುತ್ತಾರೆ ಅಂತ ಅವನಿಗೂ ಗೊತ್ತು, ಅದಕ್ಕೇ ನಕ್ಕು ಮಾತು ಬದಲಾಯಿಸಿದ.

ಕ್ಯಾಲ್ ಸ್ಟೇಟ್‌ಗೆ ಅರ್ಜಿ ಹಾಕುವುದು ಅಕ್ಟೋಬರ್ 1ರಿಂದ. ಸ್ಯಾನ್ ಹೋಸೆಯೋ, ಹೇವರ್ಡ್‌ನ ಈಸ್ಟ್ ಬೇಯೋ ಇನ್ನೂ ಗೊತ್ತಿಲ್ಲ. ಎರಡಕ್ಕೂ ಹಾಕುತ್ತೇನೆ. ಸಂಜೆ ಕ್ಲಾಸುಗಳು ಎಲ್ಲಿ ಜಾಸ್ತಿ ಇವೆಯೋ ಅಲ್ಲಿಗೆ ಹೋಗುವುದು.